ಜೋಡಿಚೀಲದ ನೇಯ್ಗೆ: ಕುರ್ದರದೋ, ತುರ್ಕರದೋ?

ಕೊಥ್ರೂಡ್ ಓದುಗ, ಪುಣೆ
ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ಉಣ್ಣೆಯ ಜೋಡಿಚೀಲವೊಂದನ್ನು ಕೊಂಡಿದ್ದೇನೆ. ನಮ್ಮ ಕಡೆ ಎತ್ತಿನ ಬೆನ್ನಿಗೆ ಹಾಕುತ್ತಿದ್ದ ಹಸುಬೆಯಂತೆ ಎರಡೂ ಬದಿಗೆ ಜೋಲುತ್ತದೆ. ಅಂಗಡಿಯವರು ತುರ್ಕಿ ಕಿಲಿಮ್ ಎಂದರು. ಆದರೆ ಮುಂಭಾಗದ ಚಿತ್ತಾರ ಓರೆ ಎಳೆಗಳಿಂದ ಉಬ್ಬಿದೆ, ಒಳಗೆ ಕೈ ಹಾಕಿದರೆ ಬಣ್ಣದ ನೂಲಿನ ತುದಿಗಳು ಬೆರಳಿಗೆ ಸಿಗುತ್ತವೆ, ತಳದಲ್ಲಿ ಮಾತ್ರ ಗಂಟು ಹಾಕಿ ಕತ್ತರಿಸಿದ ದಟ್ಟ ಉಣ್ಣೆಯಿದೆ. ಒಂದೇ ಚೀಲಕ್ಕೆ ಇಷ್ಟು ಬಗೆಯ ನೇಯ್ಗೆ ಏಕೆ? ಇದನ್ನು ನೇಯ್ದವರು ಯಾರಿರಬಹುದು?

ಮಾಟುಂಗಾ ಮಗ್ಗದವರು
ನೀವು ವರ್ಣಿಸಿರುವುದು ಕಿಲಿಮ್ ಅಲ್ಲ, ಸುಮಾಕ್. ಕಿಲಿಮ್‌ನಲ್ಲಿ ಪ್ರತಿ ಬಣ್ಣದ ಹೊಕ್ಕು (ಅಡ್ಡ ಎಳೆ) ತನ್ನ ಪಾಲಿನ ಹಾಸಿನಲ್ಲೇ (ಉದ್ದ ಎಳೆಗಳಲ್ಲೇ) ಹಿಂದಿರುಗುವುದರಿಂದ ಎರಡು ಬಣ್ಣಗಳ ನಡುವೆ ಸೀಳು ಉಳಿಯುತ್ತದೆ, ಎರಡೂ ಮುಖಗಳು ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಸುಮಾಕ್‌ನಲ್ಲಿ ಬಣ್ಣದ ನೂಲು ಸಾಮಾನ್ಯವಾಗಿ ನಾಲ್ಕು ಹಾಸೆಳೆಗಳ ಮೇಲೆ ಸಾಗಿ, ಎರಡರ ಕೆಳಗೆ ಹಿಂದಿರುಗಿ ಸುತ್ತಿಕೊಳ್ಳುತ್ತದೆ. ಸಾಲುಗಳ ನಡುವೆ ಸಾದಾ ಹೊಕ್ಕು ಕೂತು ಬಟ್ಟೆಯನ್ನು ಬಿಗಿಗೊಳಿಸುತ್ತದೆ. ಸೀಳಿಲ್ಲದ ಈ ಬಟ್ಟೆಯಿಂದ ಧಾನ್ಯ ಸೋರುವುದಿಲ್ಲ, ನೂಲಿನ ತುದಿಗಳೆಲ್ಲ ಚೀಲದ ಒಳಗೇ ಅಡಗುತ್ತವೆ. ತಳವು ಪ್ರಾಣಿಯ ಪಕ್ಕೆಗೂ ನೆಲಕ್ಕೂ ಉಜ್ಜುವ ಭಾಗವಾದ್ದರಿಂದ ಅಲ್ಲಿ ಗಂಟುನೇಯ್ಗೆ. ಯಾರಿಗೂ ಕಾಣದ ಹಿಂಭಾಗಕ್ಕೆ ಬರಿಯ ಪಟ್ಟೆಗಳೇ ಸಾಕು. ತುರ್ಕಿಯಲ್ಲಿ ಇಂಥ ಜೋಡಿಚೀಲಕ್ಕೆ ಹೆಯ್ಬೆ ಎನ್ನುತ್ತಾರೆ. ಧಾನ್ಯ ತುಂಬಿ ಗುಡಾರದ ಗೋಡೆಗುಂಟ ಸಾಲಾಗಿಡುವ ದೊಡ್ಡ ಚೀಲ ಚುವಾಲ್.

ಪಣಜಿಯ ಹವ್ಯಾಸಿ
ಮೇಲಿನ ವಿವರಣೆ ಸರಿ, ಆದರೆ ನೇಯ್ಗೆಯೊಂದನ್ನೇ ಹಿಡಿದು ಜನಾಂಗವನ್ನು ನಿರ್ಧರಿಸಲಾಗದು. ಸುಮಾಕ್, ಜಿಜಿಮ್ (ಹೆಚ್ಚುವರಿ ಹೊಕ್ಕಿನಿಂದ ಕಸೂತಿಯಂತೆ ಚಿತ್ತಾರ ಮೂಡಿಸುವ ನೇಯ್ಗೆ), ಕಿಲಿಮ್ ಮೂರನ್ನೂ ಅನಟೋಲಿಯಾದ (ತುರ್ಕಿಯ ಏಷ್ಯಾ ಭಾಗದ) ಕುರ್ದರೂ ತುರ್ಕರೂ ಬಳಸಿದ್ದಾರೆ. ಇರಾನ್–ಇರಾಕ್ ಗಡಿಯ ಜಾಫ್ ಕುರ್ದರ ಚೀಲಗಳಾದರೆ ಸುಲಭವಾಗಿ ಗುರುತು ಸಿಗುತ್ತವೆ: ಮುಂಭಾಗವಿಡೀ ಗಂಟುನೇಯ್ಗೆ, ಕೊಕ್ಕೆ ಮೂಡಿದ ವಜ್ರಾಕೃತಿಗಳ ಜಾಲ, ಮತ್ತು ಸಾಲಿನಿಂದ ಸಾಲಿಗೆ ಒಂದು ಹಾಸೆಳೆಯಷ್ಟು ಸರಿಸಿ ಹಾಕಿದ ಗಂಟುಗಳು, ಈ ಸರಿಸುವಿಕೆಯಿಂದಲೇ ಓರೆಗೆರೆಗಳು ಮೆಟ್ಟಿಲಾಗದೆ ನುಣುಪಾಗಿ ಇಳಿಯುತ್ತವೆ. ನಿಮ್ಮ ಚೀಲದಲ್ಲಿರುವ ಸುಮಾಕ್ ಮುಖ, ಗಂಟಿನ ತಳಗಳ ಜೋಡಿಯಾದರೋ ಪಶ್ಚಿಮ ಇರಾನಿನ ಜಾಗ್ರೋಸ್ ಬೆಟ್ಟಗಳ ಬಖ್ತಿಯಾರಿ ಮತ್ತು ಲೂರ್ ಜನರ ಚೀಲಗಳಲ್ಲಿ ಹೆಚ್ಚು. ಬಿಳಿ ಭಾಗಗಳು ಉಣ್ಣೆಯೋ ಹತ್ತಿಯೋ ನೋಡಿ. ಹತ್ತಿಯಾದರೆ ನನ್ನ ಊಹೆ ಬಖ್ತಿಯಾರಿ ಎಂಬುದರತ್ತ ಇನ್ನಷ್ಟು ವಾಲುತ್ತದೆ.

ಮಾಟುಂಗಾ ಮಗ್ಗದವರು
ಬಖ್ತಿಯಾರಿ ಎಂಬುದನ್ನು ಒಪ್ಪುತ್ತೇನೆ. ಬಾಯಿಯ ಅಂಚಿನಲ್ಲಿ ಸೀಳುಗಳ ಸಾಲಿದ್ದು ಹೆಣೆದ ಕುಣಿಕೆಗಳು ಉಳಿದಿದ್ದರೆ ಅವನ್ನು ಕತ್ತರಿಸಬೇಡಿ. ಒಂದರೊಳಗೊಂದು ತೂರಿಸಿ ಬಾಯಿ ಮುಚ್ಚುವ ವ್ಯವಸ್ಥೆ ಅದು. ತೊಳೆಯುವ ಮೊದಲು ಒದ್ದೆಯಾದ ಬಿಳಿ ಬಟ್ಟೆಯನ್ನು ಕೆಂಪು ಭಾಗದ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಡಲೇಬೇಡಿ.