ಆ ಮೊಟ್ಟೆ ಯಾಕೆ ಕೊಳೆಯಬೇಕಿತ್ತು? ಮಕ್ಕಳ ಕಾದಂಬರಿಯಲ್ಲಿ ‘ತಂತ್ರ’ ಹುಡುಕೋದರ ಬಗ್ಗೆ ಚರ್ಚೆ

ಕೆಂಪುಪೆನ್ಸಿಲ್
ಆರನೇ ತರಗತಿ ಮಕ್ಕಳ ಓದುಬಳಗಕ್ಕೆ ಇ.ಬಿ. ವೈಟ್ ಅವರ ‘ಶಾರ್ಲೆಟ್ಸ್ ವೆಬ್’ (1952) ತಗೊಂಡಿದ್ದೇವೆ. ಓದದವರಿಗಾಗಿ: ಅಮೆರಿಕದ ಹಳ್ಳಿಯ ಒಂದು ಕೊಟ್ಟಿಗೆ. ಅಲ್ಲಿರೋ ವಿಲ್ಬರ್ ಅನ್ನೋ ಹಂದಿಮರಿಯನ್ನ ಕ್ರಿಸ್‌ಮಸ್ ಹೊತ್ತಿಗೆ ಕಡಿಯೋದು ಖಾತ್ರಿ. ಶಾರ್ಲೆಟ್ ಅನ್ನೋ ಜೇಡ ತನ್ನ ಬಲೆಯಲ್ಲಿ ಅವನನ್ನ ಹೊಗಳೋ ಮಾತು ನೇಯ್ದು ಜೀವ ಉಳಿಸ್ತಾಳೆ. ಕೈಲಿರೋ ವರ್ಕ್‌ಶೀಟ್ ಪ್ರತಿ ಅಧ್ಯಾಯಕ್ಕೂ ‘5 ಸಾಹಿತ್ಯ ತಂತ್ರ ಗುರುತಿಸಿ’ ಅನ್ನುತ್ತೆ. 22 ಅಧ್ಯಾಯ, 110 ಉತ್ತರ! ಬರೋದೆಲ್ಲ ಒಂದೇ ಅಚ್ಚಿನವು. ಪ್ರಾಣಿ ಮಾತಾಡಿದ್ರೆ ಮಾನವೀಕರಣ, ‘ಹಾಗೆ’ ಕಂಡ್ರೆ ಉಪಮೆ, ಆಶಯ ಕೇಳಿದ್ರೆ ‘ಸ್ನೇಹ’. ಯಾವುದನ್ನ ಇಟ್ಕೊಳ್ಳೋದು, ಯಾವುದನ್ನ ಬಿಡೋದು?

ತುದಿಬೆಂಚು
ಮೊದಲು ಆ ‘5’ನ್ನ ಹೊಡೆದುಹಾಕಿ. ಇಡೀ ಪುಸ್ತಕಕ್ಕೆ ಆರೇಳು ತಂತ್ರ ಸಾಕು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದನ್ನ ತೆಗೆದ್ರೆ ಕತೆಯಲ್ಲಿ ಏನು ಬೀಳುತ್ತೆ?

ಕೊಳೆತ ಮೊಟ್ಟೆ ನೋಡಿ. 6ನೇ ಅಧ್ಯಾಯದಲ್ಲಿ ಹೆಬ್ಬಾತು 8 ಮೊಟ್ಟೆಗೆ ಕಾವು ಕೂತು 7 ಮರಿ ಮಾಡುತ್ತೆ. ಉಳಿದ ಒಂದನ್ನ ಟೆಂಪಲ್ಟನ್ ಅನ್ನೋ ಹೆಗ್ಗಣ ಉರುಳಿಸಿಕೊಂಡು ಹೋಗಿ ಹಂದಿಯ ತೊಟ್ಟಿ ಕೆಳಗೆ ಬಚ್ಚಿಡುತ್ತೆ. ಓದೋರಿಗೆ ಅದು ಬರೀ ಹೆಗ್ಗಣದ ಜಿಪುಣತನ. 10ನೇ ಅಧ್ಯಾಯದಲ್ಲಿ ಏವರಿ ಅನ್ನೋ ಹುಡುಗ ಜೇಡ ಹಿಡಿಯೋಕೆ ಬೇಲಿ ಹತ್ತಿ, ಜಾರಿ, ತೊಟ್ಟಿ ಮೇಲೆ ಬೀಳ್ತಾನೆ. ಮೊಟ್ಟೆ ಢಂ ಅಂತ ಒಡೆದು, ನಾತ ತಡೆಯಲಾರದೆ ಓಡ್ತಾನೆ. ಬಲೆಯಲ್ಲಿ ಮೊದಲ ಮಾತು ಮೂಡೋದು ಅದರ ಮುಂದಿನ ಅಧ್ಯಾಯದಲ್ಲೇ. ಮೊಟ್ಟೆ ಕೊಳೆಯದೆ ಇದ್ದಿದ್ರೆ ಶಾರ್ಲೆಟ್ ಅವತ್ತೇ ಹುಡುಗನ ಕೈಗೆ ಸಿಕ್ಕಿರ್ತಿದ್ದಳು, ಕತೆ ಅಲ್ಲಿಗೇ ಮುಗಿದಿರ್ತಿತ್ತು.

ಮುನ್ಸೂಚನೆ ಅಂದ್ರೇನು ಅಂತ ಬೋರ್ಡ್ ಮೇಲೆ ವ್ಯಾಖ್ಯೆ ಬರೆಯೋ ಬದಲು 10ನೇ ಅಧ್ಯಾಯ ಮುಗಿಸಿ ‘ಈ ಮೊಟ್ಟೆ ಎಲ್ಲಿಂದ ಬಂತು, ಹಿಂದೆ ಹೋಗಿ ಹುಡುಕಿ’ ಅನ್ನಿ.

ಹಳಗನ್ನಡ ಮೇಷ್ಟ್ರು
ಉದಾಹರಣೆ ಚೆನ್ನಾಗಿದೆ, ಹೆಸರು ತಪ್ಪು. ಮೊಟ್ಟೆ ಮುನ್ಸೂಚನೆಯಲ್ಲ, ಬಿತ್ತನೆ. ಮುಂದೆ ಕೆಲಸಕ್ಕೆ ಬರುವ ವಸ್ತುವನ್ನು ಮೊದಲೇ ತಂದಿಟ್ಟಿದ್ದಾರೆ, ಅಷ್ಟೆ. ಮುನ್ಸೂಚನೆ ನೋಡಬೇಕಾದರೆ 15ನೇ ಅಧ್ಯಾಯಕ್ಕೆ ಹೋಗಿ. ಜೀರುಂಡೆಗಳು ಬೇಸಿಗೆ ಮುಗಿಯಿತೆಂದು ಹಾಡುತ್ತವೆ, ಶಾರ್ಲೆಟ್‌ಗೆ ಹೊತ್ತು ಕಡಿಮೆಯಿದೆ ಎಂಬುದು ಹೊಳೆಯುತ್ತದೆ. 21ನೇ ಅಧ್ಯಾಯದಲ್ಲಿ ಅವಳು ಸಾಯುತ್ತಾಳೆ.

ನಿಮ್ಮ ‘ತೆಗೆದು ನೋಡು’ ಪರೀಕ್ಷೆ ಇಲ್ಲಿ ಸೋಲುತ್ತದೆ. ಜೀರುಂಡೆಗಳನ್ನು ತೆಗೆದರೂ ಘಟನೆಗಳ ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚುವುದಿಲ್ಲ. ಆದರೆ ಸಾವು ಓದುವ ಮಗುವಿನ ಮೇಲೆ ಏಕಾಏಕಿ ಬಂದು ಬೀಳುತ್ತದೆ. ಹಾಗಾಗಿ ಪ್ರಶ್ನೆ ಎರಡಿರಲಿ: ತೆಗೆದರೆ ಕತೆ ಮುಂದೆ ಸಾಗುತ್ತದೆಯೇ? ತೆಗೆದರೆ ಮನಸ್ಸು ಸಿದ್ಧವಾಗುತ್ತದೆಯೇ?

ಇನ್ನು ಉಪಮೆಯನ್ನು ಅಷ್ಟು ಹಗುರವಾಗಿ ನೋಡಬೇಡಿ. 11ನೇ ಅಧ್ಯಾಯದ ಬಲೆಯನ್ನು ತೆಳುವಾದ ಮುಸುಕಿಗೆ ಹೋಲಿಸಿದ್ದಾರೆ. ಬಲೆ ಉಪಮೇಯ, ಮುಸುಕು ಉಪಮಾನ, ‘ಹಾಗೆ’ ಉಪಮಾವಾಚಕ, ನವಿರಾದ ಚೆಲುವು ಸಮಾನಧರ್ಮ. ನಾಲ್ಕೂ ಇರುವುದರಿಂದ ಪೂರ್ಣೋಪಮೆ. ನಮ್ಮ ಮಕ್ಕಳು ಇದನ್ನು ಹೇಗೂ ವ್ಯಾಕರಣದಲ್ಲಿ ಕಲಿಯುತ್ತಾರೆ, ಕಾದಂಬರಿಯಲ್ಲಿ ಬಳಸಿಕೊಂಡರೆ ನಷ್ಟವೇನು?

ಪೇಢಾಪ್ರಿಯ
ಅಲ್ರೀ ಮೇಷ್ಟ್ರ, ನಾಲ್ಕು ಭಾಗ ಬರದ್ರ ಹುಡುಗ್ರು ಪುಟಾ ತಿರುವಿ ಮುಂದ ಹೋಗ್ತಾರ. ಲಕ್ಷಣ, ಸಮನ್ವಯ, ಎರಡು ಮಾರ್ಕ್ಸ್, ಮುಗೀತು. ಅವತ್ತ ಮುಂಜಾನೆ ಮಂಜು ಯಾಕ ಬಿದ್ದಿತ್ತು ಅಂತ ಯಾರೂ ಕೇಳಂಗಿಲ್ಲ. ಎಳಿ ಎಳಿಗೂ ನೀರಹನಿ ಕೂತಿದ್ದಕ್ಕ ಬಲಿ ಹೊಳೀತು. ಹೊಳದದ್ದಕ್ಕ ಹಂದಿಗೆ ಕೂಳು ಹಾಕಾಕ ಬಂದ ಲರ್ವಿ ತಲಿ ಎತ್ತಿ ನೋಡಿದ. ಒಣಾ ಬಲಿ ಆಗಿದ್ರ ದಿನಾ ಕಾಣೋ ಜೇಡನ ಬಲಿ ಯಾರ ನೋಡ್ತಿದ್ರು? ಆ ಉಪಮಾ ಬರೇ ಒಡವಿ ಅಲ್ರೀ, ಕತಿ ಮುಂದ ದೂಡೋ ಕೆಲಸಾನೂ ಅಲ್ಲೇ ನಡದೈತಿ. ಮೊದಲು ಮಂಜು, ಆಮ್ಯಾಲೆ ಉಪಮೇಯ.

ಹಳಗನ್ನಡ ಮೇಷ್ಟ್ರು
ಒಪ್ಪಿದೆ. ಮಂಜು ಮೊದಲು.

ಎರಡನೇ ಓದು
‘ಮಾನವೀಕರಣ’ದ ವಿಷಯಕ್ಕೆ ಬರ್ತೀನಿ, ಅಲ್ಲಿ ಗೊಂದಲ ಜಾಸ್ತಿ. ‘ಗಾಳಿ ಪಿಸುಗುಟ್ಟಿತು’ ಅನ್ನೋದು ಅಲಂಕಾರ, ಗಾಳಿ ನಿಜವಾಗಿ ಮಾತಾಡಲ್ಲ ಅಂತ ಹೇಳೋರಿಗೂ ಕೇಳೋರಿಗೂ ಗೊತ್ತು. ಶಾರ್ಲೆಟ್ ಮಾತಾಡೋದು ಅಲಂಕಾರವಲ್ಲ, ಆ ಲೋಕದ ನಿಯಮ. ಅವಳು ಪಾತ್ರ. ಎರಡನ್ನೂ ಒಂದೇ ಚೀಟಿ ಕೆಳಗೆ ಹಾಕಿದ್ರೆ ಪುಸ್ತಕದ ಪ್ರತಿ ಪುಟಕ್ಕೂ ಅದೇ ಚೀಟಿ ಅಂಟಿಸಬೇಕಾಗುತ್ತೆ. ಕೇಳಬೇಕಾದ ಪ್ರಶ್ನೆ ಬೇರೆ: ಎಲ್ಲೆಲ್ಲಿ ಅವಳು ಮನುಷ್ಯಳ ಹಾಗೆ, ಎಲ್ಲೆಲ್ಲಿ ಅಪ್ಪಟ ಜೇಡ? 5ನೇ ಅಧ್ಯಾಯದಲ್ಲೇ ತಾನು ಕೀಟಗಳ ರಕ್ತ ಕುಡಿಯೋದು ಅಂತ ಮುಚ್ಚುಮರೆ ಇಲ್ಲದೆ ಹೇಳ್ತಾಳೆ, ವಿಲ್ಬರ್‌ಗೆ ಹೇಸಿಗೆ ಆಗುತ್ತೆ. 514 ಮೊಟ್ಟೆ ಇಟ್ಟು ಸಾಯೋದೂ ಜೇಡದ ಆಯಸ್ಸಿನ ಲೆಕ್ಕವೇ. ವೈಟ್ ಅವಳನ್ನ ಸೀರೆ ಉಟ್ಟ ಅಜ್ಜಿ ಮಾಡಿಲ್ಲ.

ಕನ್ನಡದಲ್ಲಿ ಇದನ್ನ ಕಲಿಸೋಕೆ ನಮಗೊಂದು ಅನುಕೂಲ ಇದೆ: ಕ್ರಿಯಾಪದ. ‘ಜೇಡ ಬಂತು’ ಅಂತೀವಾ, ‘ಜೇಡ ಬಂದಳು’ ಅಂತೀವಾ? 11ನೇ ಅಧ್ಯಾಯದ ಒಂದು ಪುಟ ಮಕ್ಕಳ ಕೈಲಿ ಕನ್ನಡಕ್ಕೆ ಮಾಡಿಸಿ. ಕತೆ ಹೇಳೋ ದನಿಗೆ ‘ಅವಳು’, ಜಮೀನಿನ ಯಜಮಾನ ಜುಕರ್‌ಮನ್ ಆಡೋ ಮಾತಿಗೆ ‘ಅದು’. ದೃಷ್ಟಿಕೋನ ಅಂದ್ರೇನು ಅಂತ ಬೇರೆ ಪಾಠ ಬೇಕಾಗಲ್ಲ.

ತುದಿಬೆಂಚು
ಇದು ಭೇಷ್. ಅದೇ ಪುಟದಲ್ಲಿ ವ್ಯಂಗ್ಯವೂ ಸಿಗುತ್ತೆ. ಬಲೆಯಲ್ಲಿ ಬರಹ ಕಂಡ ಜುಕರ್‌ಮನ್ ನಮ್ಮ ಹಂದಿ ಸಾಮಾನ್ಯದ್ದಲ್ಲ ಅಂತಾನೆ. ಸಾಮಾನ್ಯದ್ದಲ್ಲದ್ದು ಜೇಡ ಅಲ್ವಾ ಅಂತ ಅವನ ಹೆಂಡತಿ ಹೇಳಿದ್ರೆ ಅವನು ಕಿವಿಗೇ ಹಾಕ್ಕೊಳ್ಳಲ್ಲ. ಓದೋ ಮಗುವಿಗೆ ನಿಜ ಗೊತ್ತು, ದೊಡ್ಡವರಿಗೆ ಗೊತ್ತಿಲ್ಲ. ಹತ್ತು ವರ್ಷದವರಿಗೆ ಇದಕ್ಕಿಂತ ಖುಷಿ ಕೊಡೋ ತಂತ್ರ ಇನ್ನೊಂದಿಲ್ಲ.

ಕೆಂಪುಪೆನ್ಸಿಲ್
ಸಂಘರ್ಷ, ಪರಾಕಾಷ್ಠೆ? ‘ಜಗಳ ಎಲ್ಲಿದೆ’ ಅಂತ ಹುಡುಕಿ ಏವರಿ ಬೀಳೋ ಪುಟಾನೇ ತೋರಿಸ್ತಾರೆ.

ಹಳಗನ್ನಡ ಮೇಷ್ಟ್ರು
ಸಂಘರ್ಷವನ್ನು ಪ್ರಶ್ನೆಯ ರೂಪದಲ್ಲಿ ಬರೆಸಿ: ‘ವಿಲ್ಬರ್ ಚಳಿಗಾಲ ದಾಟುತ್ತಾನೆಯೇ?’ 7ನೇ ಅಧ್ಯಾಯದಲ್ಲಿ ಮುದಿ ಕುರಿ ಕೆಟ್ಟ ಸುದ್ದಿ ತಿಳಿಸಿದಾಗ ಆ ಪ್ರಶ್ನೆ ಹುಟ್ಟುತ್ತದೆ. 20ನೇ ಅಧ್ಯಾಯದಲ್ಲಿ, ಹಂದಿಗಳ ಸ್ಪರ್ಧೆಗೆಂದು ಅವನನ್ನು ಒಯ್ದ ಜಾತ್ರೆಯಲ್ಲಿ, ಪದಕ ಮತ್ತು 25 ಡಾಲರ್‌ನ ವಿಶೇಷ ಬಹುಮಾನ ಬಂದಾಗ ಉತ್ತರ ಸಿಗುತ್ತದೆ. ಪ್ರಶ್ನೆಗೆ ಉತ್ತರ ಸಿಗುವ ಜಾಗವೇ ಪರಾಕಾಷ್ಠೆ. ಮೊದಲ ಸ್ಥಾನ ಪಕ್ಕದ ದೊಡ್ಡ ಹಂದಿಗೆ ಹೋಗಿರುತ್ತದೆ ಎಂಬುದನ್ನು ಮರೆಯಬೇಡಿ, ಸೋತ ಮೇಲೆ ಗೆದ್ದದ್ದರಿಂದಲೇ ಬಿಗಿ ಬಂದಿರುವುದು.

ಪೇಢಾಪ್ರಿಯ
ನಾ ಒಪ್ಪಂಗಿಲ್ಲ. 4ನೇ ಅಧ್ಯಾಯದಾಗ ವಿಲ್ಬರ್ ಕೂಳು ಬಿಟ್ಟು ಅಳಾಕತ್ತಾನ. ಜೀವದ ಹೆದರಿಕಿ ಇನ್ನೂ ಹುಟ್ಟೇ ಇಲ್ಲ, ಅವಂಗ ಗೆಳೆಯಾರು ಬೇಕಾಗ್ಯಾರ. ಅದು ಮೊದಲನೇ ಪ್ರಶ್ನಿ. ಅದಕ್ಕ ಉತ್ತರ ಸಿಗೋದು 21ರಾಗ. ಶಾರ್ಲೆಟ್ ವಾಪಸ್ ಬರಾಕ ಆಗಂಗಿಲ್ಲ ಅಂತ ಗೊತ್ತಾದ ಕೂಡ್ಲೆ, ಊಟದಾಗ ಮೊದಲ ಪಾಲು ನಿಂಗ ಅಂತ ಹೆಗ್ಗಣದ ಜೋಡಿ ಕರಾರು ಮಾಡಿ ಮೊಟ್ಟಿ ಚೀಲಾ ಇಳಿಸ್ತಾನ, ಬಾಯಾಗ ಇಟ್ಕೊಂಡು ಊರಿಗೆ ಒಯ್ತಾನ. ಬಾಯಿ ತುಂಬಿದ್ದಕ್ಕ ಮಾತಾಡಾಕ ಬರದ ಕಣ್ಣು ಮಿಟುಕಿಸಿ ಬೀಳ್ಕೊಡ್ತಾನ. ಅಲ್ಲೀತನಾ ಉಳಿಸ್ಕೊಂಡಾಂವ, ಅಲ್ಲಿ ಉಳಿಸಾಂವ ಆದ. ಪದಕದಾಗ ಏನೈತ್ರೀ?

ಹಳಗನ್ನಡ ಮೇಷ್ಟ್ರು
ಅದು ಪಾತ್ರದ ಬೆಳವಣಿಗೆ, ಕಥಾವಸ್ತುವಿನ ಪರಾಕಾಷ್ಠೆಯಲ್ಲ.

ಎರಡನೇ ಓದು
ಎರಡು ಗೆರೆ ಎಳೆದು ನೋಡಿ. ಒಂದು ‘ಬದುಕ್ತಾನಾ’, ಇನ್ನೊಂದು ‘ಒಂಟಿ ಆಗ್ತಾನಾ’. ಅಡ್ಡಕ್ಕೆ 22 ಮನೆ, ಪ್ರತಿ ಅಧ್ಯಾಯಕ್ಕೆ 0ಯಿಂದ 5ರವರೆಗೆ ಆತಂಕದ ಅಂಕ. ಒಂದು ಗೆರೆ 20ರಲ್ಲಿ ಇಳಿಯೋ ಹೊತ್ತಿಗೆ ಇನ್ನೊಂದು ಮೇಲೇರ್ತಾ ಇರುತ್ತೆ. ಬಹುಮಾನದ ಗದ್ದಲದ ನಡುವೆ ಶಾರ್ಲೆಟ್ ದಣಿದು ಮೂಲೆಯಲ್ಲಿ ಕೂತಿರೋದು ಯಾಕೆ ಚುಚ್ಚುತ್ತೆ ಅಂತ ಗೆರೆಯೇ ತೋರಿಸುತ್ತೆ. ಮೇಷ್ಟ್ರೂ ಪೇಢಾಪ್ರಿಯರೂ ಒಂದೇ ಹಾಳೆ ಮೇಲೆ ಜಗಳ ಮುಂದುವರಿಸಬಹುದು.

ತುದಿಬೆಂಚು
ಮಾಡೋ ಕ್ರಮ ಹೇಳಿಬಿಡ್ತೀನಿ. ಮೊದಲ 3 ಅಧ್ಯಾಯಕ್ಕೆ ತಂತ್ರದ ಹೆಸರೇ ಎತ್ತಬೇಡಿ, ಗಟ್ಟಿಯಾಗಿ ಓದಿ, ಅಷ್ಟೆ. ಆಮೇಲೆ ಪ್ರತಿ ಮಗುವಿಗೆ ಅಧ್ಯಾಯಕ್ಕೆ 2 ಚೀಟಿ, ಹೆಚ್ಚಿಲ್ಲ. ಚೀಟಿಯಲ್ಲಿ ತಂತ್ರದ ಹೆಸರಲ್ಲ, ‘ಇದು ಇಲ್ಲಿ ಯಾಕಿದೆ?’ ಅನ್ನೋ ಪ್ರಶ್ನೆ ಬರೀಬೇಕು. ಹೆಸರು ಹೇಳೋದು ಚರ್ಚೆ ಮುಗಿದ ಮೇಲೆ. ಮೊದಲೇ ಹೇಳಿದ್ರೆ ಮಕ್ಕಳು ಹೆಸರಿಗೆ ತಕ್ಕ ಸಾಲು ಹುಡುಕ್ತಾರೆ, ಸಾಲಿಗೆ ತಕ್ಕ ಹೆಸರನ್ನಲ್ಲ. ಆಶಯವನ್ನ ಕೊನೆಗೆ ಇಟ್ಕೊಳ್ಳಿ, ಒಂದೇ ಷರತ್ತು: ಕ್ರಿಯಾಪದ ಇರಬೇಕು. ‘ಸ್ನೇಹ’ ವಿಷಯ ಅಷ್ಟೆ. ‘ಸ್ನೇಹಿತರು ಸತ್ತರೂ ಅವರ ಕೆಲಸ ನಮ್ಮ ಕೈಗೆ ಬರುತ್ತೆ’ ಅಂದ್ರೆ ಆಶಯ. ಪುಸ್ತಕದಿಂದ ಎರಡು ಜಾಗ ತೋರಿಸೋಕೆ ಆಗದ ಆಶಯವನ್ನ ಒಪ್ಕೋಬೇಡಿ.

ಕೆಂಪುಪೆನ್ಸಿಲ್
ಕೊನೇದು. ಬಲೆಯ ನಾಲ್ಕು ಬರಹಗಳನ್ನ ಕನ್ನಡದಲ್ಲಿ ಹೇಗೆ ಹೇಳೋದು? ‘ಸಮ್ ಪಿಗ್’, ‘ಟೆರಿಫಿಕ್’, ‘ರೇಡಿಯೆಂಟ್’, ‘ಹಂಬಲ್’.

ಎರಡನೇ ಓದು
‘ಸಮ್ ಪಿಗ್’ಗೆ ‘ಹಂದಿ ಅಂದ್ರೆ ಹಂದಿ!’ ಸರಿಹೋಗುತ್ತೆ. ನಮ್ಮಲ್ಲಿ ‘ಹಂದಿ’ ಬೈಗುಳ ಆದ್ದರಿಂದ ಹೊಗಳಿಕೆ ಇನ್ನೂ ಮಜವಾಗಿರುತ್ತೆ. ‘ರೇಡಿಯೆಂಟ್’ ಹೆಗ್ಗಣ ತಂದ ಸೋಪಿನಪುಡಿ ಪೊಟ್ಟಣದಿಂದ ಬಂದದ್ದು, ಹಾಗಾಗಿ ಜಾಹೀರಾತಿನ ‘ಫಳಫಳ’. ‘ಹಂಬಲ್’ನಲ್ಲಿ ತಿರುಳಿದೆ: ಜಂಬವಿಲ್ಲದ್ದು, ನೆಲಕ್ಕೆ ಹತ್ತಿರದ್ದು, ಈ ಎರಡೂ ಅರ್ಥವನ್ನ ಶಾರ್ಲೆಟ್ಟೇ ಬಿಡಿಸಿ ಹೇಳ್ತಾಳೆ. ‘ವಿನಯ’ದಲ್ಲಿ ನೆಲ ಇಲ್ಲ. ‘ತಗ್ಗಿದವ’ ಅಂದ್ರೆ ಎರಡೂ ಬರುತ್ತೆ. ಅಬ್ಬರದ ಹೊಗಳಿಕೆಯಿಂದ ಶುರುವಾಗಿ ಹಂದಿ ನಿಜವಾಗಿ ಹೇಗಿದೆಯೋ ಅದಕ್ಕೆ ಬಂದು ನಿಲ್ಲೋದನ್ನ ಮಕ್ಕಳೇ ಕಂಡುಕೊಳ್ಳಲಿ.

ಪೇಢಾಪ್ರಿಯ
‘ಟೆರಿಫಿಕ್’ ಬಿಟ್ರಲ್ರೀ?

ಎರಡನೇ ಓದು
ಅದೇ ಕಷ್ಟ. ‘ಅದ್ಭುತ’ ಅನ್ನೋಣ ಅಂದ್ರೆ ಶಾರ್ಲೆಟ್ ನೇರ ಎಳೆಗಳಲ್ಲಿ ನೇಯೋಳು, ನಮ್ಮ ಅಕ್ಷರವೆಲ್ಲ ದುಂಡು. ಮೇಲೆ ಒತ್ತಕ್ಷರ ಬೇರೆ.

ಹಳಗನ್ನಡ ಮೇಷ್ಟ್ರು
ಆ ಹೆಬ್ಬಾತು ಪ್ರತಿ ಮಾತನ್ನೂ ಮೂರು ಸಲ ಹೇಳುತ್ತದಲ್ಲ, ಕಾಗುಣಿತವನ್ನೂ ಅದೇ ಹೇಳಿಕೊಡಲಿ: ‘ದಕ್ಕೆ ಭ ಒತ್ತು ಒತ್ತು ಒತ್ತು, ಕೊಂಬು ಕೊಂಬು ಕೊಂಬು!’