ಪದಚರ್ಚೆ: ಕಂಬಳಿಯಂಥ ಕೂದಲಿಲ್ಲದ ಹುಳುವನ್ನು ‘ಕಂಬಳಿಹುಳು’ ಎನ್ನಬಹುದೇ?

ಮಾನ್ಯರೇ,

ಚಳ್ಳಕೆರೆ ಸೀಮೆಯ ಹುಲ್ಲುಗಾವಲೊಂದರ ಅಂಚಿನಲ್ಲಿ ಶಾಲಾಮಕ್ಕಳಿಗಾಗಿ ನಿಲ್ಲಿಸುವ ಫಲಕಕ್ಕೆ ಗ್ರಾಸ್ ಜುವೆಲ್ ಚಿಟ್ಟೆಯ ಬದುಕನ್ನು ಬರೆದುಕೊಡಬೇಕಾಗಿದೆ. ಬರಹ ಸೋಮವಾರವೇ ಅಚ್ಚಿಗೆ ಹೋಗಬೇಕು. ರೆಕ್ಕೆ ಬಿಚ್ಚಿದರೂ ಸುಮಾರು 2 ಸೆಂಟಿಮೀಟರ್ ಅಗಲವಿರುವ ಈ ಕಂದು ಚಿಟ್ಟೆ ನಮ್ಮ ದೇಶದ ಅತಿ ಚಿಕ್ಕ ಚಿಟ್ಟೆಗಳಲ್ಲೊಂದು. ನೆಲಕ್ಕೆ ತಾಗಿದಂತೆ ಹಾರುವ ಇದು ಹುಲ್ಲಿನ ಮೇಲೆ ರೆಕ್ಕೆ ಮಡಿಸಿ ಕುಳಿತಾಗ, ಹಿಂರೆಕ್ಕೆಯ ಅಡಿಭಾಗದ ಅಂಚಿನಲ್ಲಿ ಕಿತ್ತಳೆ ಬಣ್ಣದ ಮಗ್ಗುಲಿಗೆ ಮಿನುಗುವ ಕಪ್ಪು ಚುಕ್ಕೆಗಳು ಕಾಣುತ್ತವೆ.

ತೊಡಕಿರುವುದು ಮರಿಯ ಹೆಸರಿನಲ್ಲಿ. ನೀಲಿ ಬಣ್ಣ ಕೊಡುವ ನೀಲಿ ಗಿಡದ ಬಳಗದ ಕಿರುಗಿಡಗಳನ್ನು ತಿಂದು ಬೆಳೆಯುವ ಹಸಿರು ಹುಳು ಅದು. ಅದು ಒಸರುವ ಸಿಹಿಗಾಗಿ ಇರುವೆಗಳು ಸುತ್ತ ನೆರೆಯುತ್ತವೆ. ‘ಕಂಬಳಿಹುಳು’ ಎಂದು ಬರೆದರೆ ಮಕ್ಕಳು ತುರಿಕೆಗೆ ಹೆದರಿ ಹೊಸಕಿಬಿಟ್ಟಾರೆಂಬುದು ನನ್ನ ಆತಂಕ. ‘ಲಾರ್ವಾ’ ಎನ್ನಲು ಮನಸ್ಸಿಲ್ಲ. ಹುಳು ಚಿಟ್ಟೆಯಾಗುವ ಮುನ್ನಿನ ಹಂತವಾದ ಪ್ಯೂಪಾಕ್ಕೆ ‘ಗೂಡು’ ಸಲ್ಲುತ್ತದೆಯೇ ಎಂಬುದನ್ನೂ ತಿಳಿಸಿ.

ಮೊದಲ ಉತ್ತರ:

‘ಕಂಬಳಿಹುಳು’ ಎಂದೇ ಬರೆಯಿರಿ. ಕಂಬಳಿ ನೇಯುವ ಸೀಮೆಯಲ್ಲಿ ನಿಂತು ಆ ಪದಕ್ಕೆ ಅಂಜುವುದು ಸರಿಯಲ್ಲ. ಅದು ಅಚ್ಚಗನ್ನಡ. ಲಾರ್ವಾ, ಅದಕ್ಕೇ ಹೇಳುವ ಡಿಂಭ, ಪ್ಯೂಪಾಕ್ಕೆ ಹೇಳುವ ಕೋಶ ಎಲ್ಲವೂ ಎರವಲು. ಜನರ ನಾಲಿಗೆಯಲ್ಲಿರುವುದನ್ನು ಬಿಟ್ಟು ಎರವಲಿಗೆ ಕೈಚಾಚುವ ಚಾಳಿ ಫಲಕಗಳಲ್ಲಾದರೂ ನಿಲ್ಲಲಿ.

ಎರಡನೆಯ ಉತ್ತರ:

ಮೇಲಿನ ವಾದವನ್ನು ನಾನು ಒಪ್ಪುವುದಿಲ್ಲ. ‘ಕಂಬಳಿ’ಯ ಸಂಸ್ಕೃತ ರೂಪ ‘ಕಂಬಲ’ ಅಥರ್ವವೇದದಲ್ಲೇ ಇದೆ. ಅದು ಅಲ್ಲಿಗೆ ಎಲ್ಲಿಂದ ಬಂತೆಂಬ ಚರ್ಚೆ ಬೇರೆ, ಆದರೆ ಎರವಲನ್ನು ಅಷ್ಟು ಕಟುವಾಗಿ ಹಳಿಯುವವರು ‘ಕಂಬಳಿ’ಯನ್ನು ವಿಚಾರಿಸದೆ ಒಳಗೆ ಬಿಟ್ಟುಕೊಳ್ಳುವಂತಿಲ್ಲ. ಪದದ ಕುಲಕ್ಕಿಂತ ಇಲ್ಲಿ ಮುಖ್ಯವಾದುದು ಅದು ಕಣ್ಣಮುಂದೆ ತರುವ ರೂಪ. ಮೈತುಂಬ ಕೂದಲಿರುವುದರಿಂದಲೇ ಕಂಬಳಿಹುಳುವಿಗೆ ಆ ಹೆಸರು ಬಂದಿದೆ. ಈ ಹುಳುವಿಗೆ ಅದು ಹೊಂದದು. ರಾಮನಗರದ ಕಡೆಯ ರೇಷ್ಮೆ ಬೆಳೆಗಾರರನ್ನು ನೋಡಿ: ಅವರಿಗೆ ರೇಷ್ಮೆಹುಳು ಬರಿಯ ‘ಹುಳು’, ಅದು ಪೊರೆ ಬಿಡುವ ಹೊತ್ತು ‘ಜ್ವರ’, ಅದು ನೂಲು ಸುತ್ತಿಕೊಂಡು ಕಟ್ಟಿದ್ದು ‘ಗೂಡು’. ಅದೇ ಕಾರಣಕ್ಕೆ ಈ ಚಿಟ್ಟೆಯ ಪ್ಯೂಪಾವನ್ನು ಗೂಡೆನ್ನುವಂತಿಲ್ಲ. ಇದು ಅಂಥ ನೂಲಿನ ಗೂಡನ್ನು ಕಟ್ಟುವುದಿಲ್ಲ, ಹುಳು ಕೊನೆಯ ಪೊರೆ ಕಳಚಿದಾಗ ಒಳಗಿನಿಂದ ತೋರುವ ಗಟ್ಟಿ ಮೈಯೇ ಅದು. ‘ಕೋಶ’ ಪಠ್ಯಪುಸ್ತಕದಿಂದ ಮಕ್ಕಳಿಗೆ ಪರಿಚಿತ. ಸಂಸ್ಕೃತದ್ದೆಂಬ ಒಂದೇ ಕಾರಣಕ್ಕೆ ಅದನ್ನು ದೂರ ಮಾಡುವುದು ಬೇಡ.

ಫಲಕಕ್ಕೆ ನನ್ನ ಸಲಹೆ: “ತಾಯಿ ಚಿಟ್ಟೆ ಕಿರುಗಿಡದ ಮೇಲೆ ಮೊಟ್ಟೆ ಇಡುತ್ತದೆ. ಒಡೆದು ಬರುವ ಹಸಿರು ಮರಿಹುಳು ಗಿಡವನ್ನು ತಿಂದು, ಹಲವು ಸಲ ಪೊರೆ ಕಳಚಿ ಕೋಶವಾಗುತ್ತದೆ. ಕೋಶ ಬಿರಿದು ಚಿಟ್ಟೆ ಹೊರಬರುತ್ತದೆ. ಇರುವೆಗಳು ಸುತ್ತುವರಿದ ಹಸಿರು ಹುಳು ಕಂಡರೆ ಮುಟ್ಟದೆ ನೋಡಿ.”