ಕೂಸಿನ ಮಿದುಳು ಬೆಳೆಯೋದಕ್ಕೂ ಮುದುಕರ ಮರೆವಿಗೂ ಏನ್ ಸಂಬಂಧ?

ಆಳಂದ_ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ಕಲಬುರಗಿಯೊಳಗ ಬಿಎಸ್ಸಿ ಓದ್ಲತ್ತೀನಿ, ಊರು ಆಳಂದ ಕಡಿ. ನಮ್ಮ ಆಯಿಗೆ ಎರಡು ವರ್ಷದಿಂದ ಮರೆವು ಭಾಳ ಆಗ್ಯಾದ, ರೊಟ್ಟಿ ಬಡಿಯೋದು ಕೈಗೆ ನೆನಪದ ಆದ್ರ ಹಂಚು ಒಲಿ ಮ್ಯಾಲಿಟ್ಟಿದ್ದೇ ಮರೀತಾಳ, ನನಗ ನಮ್ಮಪ್ಪನ ಹೆಸರಿಲೆ ಕರೀತಾಳ. ಊರಾಗ ಕೇಳಿದ್ರ ಅರವತ್ತಕ್ಕ ಅರಳು ಮರಳು, ಬಿಡೋ ಅಂತಾರ. ನನಗ ಬಿಡಾಕ ಮನಸ್ಸಾಗಲಿಲ್ಲ, ಓದ್ಕೋತ ಹೋದಾಗ ಬೆತ್ ಸ್ಟೀವನ್ಸ್ ಅನ್ನೋ ವಿಜ್ಞಾನಿ ಬಗ್ಗೆ ಸಿಕ್ತು, ಬಾಸ್ಟನ್ ಮಕ್ಕಳ ಆಸ್ಪತ್ರೆಯೊಳಗ ಅವರ ಲ್ಯಾಬ್ ಅದ. ಅವರು ಶುರು ಮಾಡಿದ್ದು ಮರಿ ಮಿದುಳು ಹ್ಯಾಂಗ ಬೆಳೀತದ ಅನ್ನೋದ್ರಿಂದ, ಈಗ ನೋಡಿದ್ರ ಅಲ್ಜೈಮರ್ಸ್ ಅನ್ನೋ ಮರೆವಿನ ರೋಗದ ಬಗ್ಗೆನೂ ಕೆಲಸ ಮಾಡ್ಯಾರ. ಒಂದು ಬೆಳೆಯೋದು, ಇನ್ನೊಂದು ಸವೆಯೋದು, ಎರಡೂ ಹ್ಯಾಂಗ ಕೂಡ್ತಾವ? ಗೊತ್ತಿದ್ದವ್ರು ಬಿಡಿಸಿ ಹೇಳ್ರಿ.

ಬೀದರ_ಬಯಾಲಜಿ:
ತಮ್ಮಾ, ಇದು ನನಗ ಭಾಳ ಹಿಡಿಸಿದ ವಿಷಯ, ಸ್ವಲ್ಪ ಉದ್ದ ಆಗ್ತದ ಓದು. ಕೂಸಿನ ಮಿದುಳಿನ್ಯಾಗ ನರಕೋಶಗಳ ನಡುವಿನ ಜೋಡಣೆ, ಸಿನಾಪ್ಸ್ ಅಂತೀವಲ್ಲ, ಅವು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಹುಟ್ತಾವ. ಆಮ್ಯಾಲ ಕೆಲಸಕ್ಕ ಬರೋವು ಉಳೀತಾವ, ಉಳಿದವು ಹೋಗ್ತಾವ. ಯಾರು ತೆಗೀತಾರ ಅನ್ನೋದೇ ದೊಡ್ಡ ಪ್ರಶ್ನೆ ಆಗಿತ್ತು. ಮಿದುಳಿನ್ಯಾಗ ಮೈಕ್ರೋಗ್ಲಿಯಾ ಅನ್ನೋ ಕೋಶ ಅವ, 1919ರಾಗ ಸ್ಪೇನಿನ ರಿಯೋ ಒರ್ತೇಗ ಅವನ್ನ ಗುರುತಿಸಿ ಹೆಸರಿಟ್ಟಿದ್ದು, ಅವು ರೋಗ ಬಂದಾಗ ಏಳೋ ಕಾವಲುಗಾರ ಅಷ್ಟೇ ಅಂತ ಬಹಳ ವರ್ಷ ತಿಳ್ಕೊಂಡಿದ್ರು. ಸ್ಟೀವನ್ಸ್ ಅವರು ಸ್ಟ್ಯಾನ್‌ಫರ್ಡ್‌ನಾಗ ಬೆನ್ ಬ್ಯಾರೆಸ್ ಅವರ ಲ್ಯಾಬಿನ್ಯಾಗ ಇದ್ದಾಗ ಮಾಡಿದ ಕೆಲಸ 2007ರಾಗ ಬಂತು. ಬ್ಯಾಕ್ಟೀರಿಯಾಕ್ಕ ಗುರುತು ಹಾಕೋ ಸಿ1ಕ್ಯೂ, ಸಿ3 ಅನ್ನೋ ಪ್ರೋಟೀನ್ ನಮ್ಮ ರಕ್ತದಾಗ ಅವಲ್ಲ, ಅವೇ ಇಲಿಮರಿಯ ಮಿದುಳಿನ್ಯಾಗ ಕಣ್ಣಿನ ಕಡಿಂದ ಬರೋ ಬ್ಯಾಡಾದ ಸಿನಾಪ್ಸ್‌ಗೂ ಗುರುತು ಹಾಕ್ತಾವ, ಆ ಪ್ರೋಟೀನ್ ಇಲ್ಲದ ಇಲಿಯೊಳಗ ಹೆಚ್ಚಿನ ಜೋಡಣೆ ಹಂಗೇ ಉಳೀತಾವ. 2012ರಾಗ ಸ್ಟೀವನ್ಸ್ ಅವರದೇ ಲ್ಯಾಬು ತೋರಿಸ್ತು, ಆ ಸಿನಾಪ್ಸ್ ನುಂಗೋದು ಮೈಕ್ರೋಗ್ಲಿಯಾನೇ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. 2016ರಾಗ ಅವರ ತಂಡ ಅಲ್ಜೈಮರ್ಸ್ ಇಲಿಗಳೊಳಗ ನೋಡಿದ್ದು ಇದೇ ಕೆಲಸ, ಆದ್ರ ಹೊತ್ತಲ್ಲದ ಹೊತ್ತಿನ್ಯಾಗ. ನೆನಪಿನ ಜಾಗ ಹಿಪೊಕ್ಯಾಂಪಸ್‌ನಾಗ ಅಮಿಲಾಯ್ಡ್ ಗಂಟು (ಈ ರೋಗದಾಗ ಮಿದುಳಿನ್ಯಾಗ ಕಟ್ಟೋ ಪ್ರೋಟೀನಿನ ಗಂಟು) ಕಾಣೋದಕ್ಕಿಂತ ಮೊದಲೇ ಸಿ1ಕ್ಯೂ ಏರಿತ್ತು, ಮೈಕ್ರೋಗ್ಲಿಯಾ ಚೊಲೋ ಸಿನಾಪ್ಸ್‌ನೇ ತಿನ್ಲಿಕ್ಕೆ ಹತ್ತಿದ್ವು. ಸಿ1ಕ್ಯೂ ತಡೆದ್ರ ಸಿನಾಪ್ಸ್ ಉಳಿದ್ವು. ಅಂದ್ರ ರೋಗ ಹೊಸ ಆಯುಧ ತರಲಿಲ್ಲ, ಕೂಸು ಇದ್ದಾಗಿನ ಕುಡುಗೋಲೇ ತೆಗೀತು. ಇದು ಇಲಿಯೊಳಗಿನ ಮಾತು ತಮ್ಮಾ, ನಾಳೆ ಆಯಿಗೆ ಗುಳಿಗಿ ಸಿಗ್ತದ ಅಂತ ತಿಳ್ಕೋಬ್ಯಾಡ.

ತೊಗರಿ_ಕಣಜ:
ಅಂದ್ರ ನಾವು ತೊಗರಿ ಕುಡಿ ಚಿವುಟ್ತೀವಲ್ಲ ಹಂಗೇನ್ರಿ ಅಕ್ಕಾರೆ?

ಬೀದರ_ಬಯಾಲಜಿ:
ಹಂಗಲ್ರಿ ಅಣ್ಣಾ, ಕುಡಿ ಚಿವುಟಿದ್ರ ಟೊಂಗಿ ಜಾಸ್ತಿ ಒಡೀತಾವ, ಇಲ್ಲಿ ಕಮ್ಮಿ ಆಗ್ಬೇಕು. ಸಾಲಿನ್ಯಾಗ ದಟ್ಟ ಎದ್ದ ಸಸಿ ಕಿತ್ತು ಅಂತರ ಬಿಡೋದು ಅನ್ರಿ.

ತೊಗರಿ_ಕಣಜ:
ಹಂಗಾದ್ರ ತಿಳೀತು. ಸಸಿ ತೆಳು ಮಾಡಾಕ ಬಂದ ಆಳು ಕಾಯಿ ಕಟ್ಟೋ ಹೊತ್ತಿಗೆ ತಿರುಗಿ ಬಂದು ತುಂಬಿದ ಗಿಡ ಕಿತ್ತಂಗ ಆಯ್ತು.

ಬೀದರ_ಬಯಾಲಜಿ:
ಅದೇರಿ, ನಾ ಇಷ್ಟುದ್ದ ಬರೆದಿದ್ದು ನೀವು ಒಂದೇ ಸಾಲಿನ್ಯಾಗ ಹೇಳಿದ್ರಿ. ಇನ್ನೊಂದು ಹೇಳ್ತೀನಿ, ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವ್ರು ಕೋಲಾರ ಜಿಲ್ಲಾದ ಶ್ರೀನಿವಾಸಪುರ ಹಳ್ಳಿಗಳೊಳಗ 45 ವರ್ಷ ದಾಟಿದವ್ರನ್ನ ವರ್ಷಾನುಗಟ್ಟಲೆ ಪರೀಕ್ಷೆ ಮಾಡ್ಕೋತ ಬಂದಾರ, ಮರೆವು ಎಲ್ಲಿಂದ ಶುರು ಆಗ್ತದ ನೋಡಾಕ. ನಮ್ಮ ಬೀದರ, ಕಲಬುರಗಿ, ಯಾದಗಿರಿ ಹಳ್ಳಿಗಳಿಗೂ ಅಂಥಾದ್ದು ಬರಬೇಕು, ನಮ್ಮ ಬಿಸಿಲು ಬ್ಯಾರೆ, ಊಟ ಬ್ಯಾರೆ, ಬದುಕೇ ಬ್ಯಾರೆ.

ಯಾದಗಿರಿ_ಸಿಸ್ಟರ್:
ನಾ ಸ್ಟಾಫ್ ನರ್ಸ್. ವಿಜ್ಞಾನ ಇರ್ಲಿ, ಮೊದಲ ಆಯಿಗೆ ಡಾಕ್ಟರಿಗೆ ತೋರ್ಸಪ್ಪ. ಮರೆವು ಅಂದ್ರ ಎಲ್ಲಾ ಅಲ್ಜೈಮರ್ಸ್ ಅಲ್ಲ, ಬಿ12 ಕಮ್ಮಿ ಇದ್ರ, ಥೈರಾಯ್ಡ್ ಇದ್ರ, ಮನಸ್ಸಿಗೆ ಖಿನ್ನತೆ ಹತ್ತಿದ್ರೂ ಹಿಂಗ ಆಗ್ತದ, ಇವಕ್ಕ ಔಷಧ ಅದ. ನಮ್ಮ ಮಾವಗ ಒಂದು ಕಡಿ ತೋರ್ಸಿದ್ರ ವಯಸ್ಸಾಗ್ಯಾದ ಅಂತ ಹೇಳಿ ಕಳಿಸಿದ್ರು, ಒಂದು ವರ್ಷ ಹಂಗೇ ಹೋಯ್ತು. ಬ್ಯಾರೆ ಕಡಿ ರಕ್ತ ನೋಡಿದ್ರ ಬಿ12 ತಳ ಹಿಡಿದಿತ್ತು. ಇಂಜೆಕ್ಷನ್ ಹಾಕಿದ್ಮ್ಯಾಲ ಎಷ್ಟೋ ಸುಧಾರಿಸಿದ್ರು, ಆದ್ರ ಆ ಒಂದು ವರ್ಷ ನೆನೆಸಿದ್ರ ನನಗ ಇನ್ನೂ ಸಂಕಟ ಆಗ್ತದ. ಕಿವಿ ಕೇಳ್ತದೋ ಇಲ್ಲೋ ಅದನ್ನೂ ನೋಡ್ಸು.

ಆಳಂದ_ಹುಡುಗ:
ಎಲ್ಲಾರಿಗೂ ಶರಣು. ಅಪ್ಪಗ ಓದಿ ಹೇಳ್ದೆ, ತೊಗರಿ ಮಾತು ಬಂದಾಗ ಸುಮ್ನ ಕುಂತ್ರು, ಆಮ್ಯಾಲ ಸೋಮವಾರ ಹೋಗೂಣು ಅಂದ್ರು. ಆಯಿ ಮುಂಜಾನಿ ಚಾ ಬಿಟ್ಟು ಇರಂಗಿಲ್ಲ, ಟೆಸ್ಟಿಗೆ ಉಪವಾಸ ಬೇಕೇನ್ರಿ ಸಿಸ್ಟರ್?

ಯಾದಗಿರಿ_ಸಿಸ್ಟರ್:
ಬಿ12, ಥೈರಾಯ್ಡಿಗೆ ಸಾಮಾನ್ಯವಾಗಿ ಬೇಕಿಲ್ಲ. ಫಾಸ್ಟಿಂಗ್ ಶುಗರ್ ಬರೆದ್ರ ಮಾತ್ರ ಖಾಲಿ ಹೊಟ್ಟಿ ಬೇಕು, ಆವಾಗ ಚಾ ಥರ್ಮಾಸಿನ್ಯಾಗ ಒಯ್ಯಿ, ರಕ್ತ ಕೊಟ್ಟ ಕೂಡ್ಲೆ ಕುಡಿಸು. ಈಗ ತಗೊಳ್ಳೋ ಗುಳಿಗಿ ಎಲ್ಲಾ ಒಂದು ಚೀಲದಾಗ ಹಾಕ್ಕೊಂಡು ಹೋಗು.